ಕನ್ವರ್ಟರ್ ಕೊಳ್ಳುವ ಮೊದಲು: ಮಲೆನಾಡಿನ ಪೆಟ್ರೋಲ್ ಕಾರುಗಳಿಗೊಂದು ದೋಷ ನಿವಾರಣೆ ಕೈಪಿಡಿ

ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ಪಿ 0420 ಎಂಬ ಕೋಡ್ ಬಂದಿದೆ, ಕನ್ವರ್ಟರ್ (ಎಂಜಿನ್ನಿನ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಹೋಗಿದೆ, ಕಂಪನಿಯದು ದುಬಾರಿ, ಹೊರಗಿನದಾದರೆ ಅಗ್ಗಕ್ಕೆ ಸಿಗುತ್ತದೆ ಎಂದು ಹೇಳಿದ್ದಾರೆ. ಈ ಬರಹ ಆ ಹಂತದಲ್ಲಿ ಬಂದು ನಿಂತಿರುವ ಮಾಲೀಕರಿಗಾಗಿ, ಅದರಲ್ಲೂ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ವರ್ಷದಲ್ಲಿ ನಾಲ್ಕು ತಿಂಗಳು ನೀರಿನಲ್ಲೇ ಓಡುವ ಪೆಟ್ರೋಲ್ ಕಾರುಗಳ ಮಾಲೀಕರಿಗಾಗಿ. ಡೀಸೆಲ್ ವಾಹನಗಳ ಹೊಗೆ ಶುದ್ಧೀಕರಣದ ವ್ಯವಸ್ಥೆ ಬೇರೆಯೇ ಆದದ್ದರಿಂದ ಅದನ್ನು ಇಲ್ಲಿ ಎತ್ತಿಕೊಂಡಿಲ್ಲ.

ಮೊದಲೇ ಹೇಳಿಬಿಡಬೇಕಾದ ಮಾತೆಂದರೆ, ಕನ್ವರ್ಟರಿನೊಳಗೆ ತಿರುಗುವ ಭಾಗವಿಲ್ಲ, ಸವೆಯುವ ಬೇರಿಂಗ್ ಇಲ್ಲ; ಅದು ತಾನಾಗಿ ಕೆಡುವುದಕ್ಕಿಂತ ಎಂಜಿನ್ನಿನ ಇನ್ನೊಂದು ದೋಷ ಅದನ್ನು ಕೆಡಿಸುವುದೇ ಹೆಚ್ಚು. ಆ ದೋಷವನ್ನು ಹಾಗೆಯೇ ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಇದನ್ನು ನಾನು ದುಡ್ಡು ಕಳೆದುಕೊಂಡು ತಿಳಿದಿದ್ದೇನೆ. 2018ರ ಮಾದರಿಯ ನಮ್ಮ ಹ್ಯಾಚ್‌ಬ್ಯಾಕ್ ಕಾರಿಗೆ ಒಂದು ವರ್ಷ ಪುನರ್ವಸು ಮಳೆ ಹಿಡಿದ ದಿನಗಳಲ್ಲಿ ಈ ಕೋಡ್ ಬಂತು. ಒಂದು ಗ್ಯಾರೇಜಿನಲ್ಲಿ ಬೇರೆ ಏನನ್ನೂ ನೋಡದೆ ಹೊರಗಿನ ಕನ್ವರ್ಟರ್ ಕೂರಿಸಿ, ದೀಪ ಆರಿಸಿ ಕಳಿಸಿದರು. ಗೌರಿ ಹಬ್ಬದ ಹೊತ್ತಿಗೆ ದೀಪ ಮತ್ತೆ ಹತ್ತಿತು. ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಪ್ಲಗ್ಗುಗಳಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್‌ಗಳನ್ನು ಒಂದೊಂದಾಗಿ ಎತ್ತುತ್ತಾ ಬಂದಾಗ, ಮೂರನೆಯ ಸಿಲಿಂಡರಿನ ಪ್ಲಗ್ ಗುಂಡಿಯಲ್ಲಿ ಕೆಂಪು ನೀರು ನಿಂತಿತ್ತು. ಪ್ಲಗ್ಗಿನ ಆರು ಮೂಲೆಯ ಭಾಗ ತುಕ್ಕು ಹಿಡಿದು ಪಾನೆ ಕೂರದಂತಾಗಿತ್ತು. ಕಾಯಿಲಿನ ರಬ್ಬರ್ ತುದಿ ಸೀಳಿ, ಒಳಗಿನ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಕೂತಿತ್ತು. ವೈಪರ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯನ್ನು ಬಿಚ್ಚಿದರೆ ಒಂದು ಬೊಗಸೆ ಕೊಳೆತ ದರಗು ನೀರು ಹೋಗುವ ತೂತನ್ನು ಮುಚ್ಚಿಕೊಂಡು ಕುಳಿತಿತ್ತು. ಅಲ್ಲಿ ಹೋಗಬೇಕಾದ ನೀರು ಎಂಜಿನ್ನಿನ ಮೇಲೆ ತೊಟ್ಟಿಕ್ಕುತ್ತಿತ್ತು. ಎರಡು ಕನ್ವರ್ಟರ್‌ಗಳು ಹಾಳಾದದ್ದು ಆ ಒಂದು ಬೊಗಸೆ ಎಲೆಯಿಂದ.

ಒಳಗೆ ಏನಿದೆ, ಕಂಪ್ಯೂಟರ್ ಅಳೆಯುವುದು ಏನನ್ನು

ಉಕ್ಕಿನ ಕವಚದೊಳಗೆ ಜೇನಿನ ಎರಿಯಂತೆ ಸಣ್ಣ ಕಂಡಿಗಳಿರುವ ಒಂದು ಸೆರಾಮಿಕ್ ದಿಂಡು ಇರುತ್ತದೆ. ಚದರ ಇಂಚಿಗೆ 400 ಕಂಡಿಗಳಿರುವುದು ವ್ಯಾಪಕವಾಗಿ ಬಳಕೆಯಲ್ಲಿದೆ. 600 ಮತ್ತು 900 ಕಂಡಿಗಳವೂ ಇವೆ. ಕಂಡಿಗಳ ಗೋಡೆಗೆ ಅಲ್ಯೂಮಿನಾದ ಒರಟು ಲೇಪನ ಬಳಿದು, ಆ ಲೇಪನದಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೋಹಗಳ ಸೂಕ್ಷ್ಮ ಕಣಗಳನ್ನೂ ಸೀರಿಯಂ ಆಕ್ಸೈಡನ್ನೂ ಹರಡಿರುತ್ತಾರೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ ಈ ಲೋಹಗಳು ಕೆಲಸ ಆರಂಭಿಸಿ, ಕಾರ್ಬನ್ ಮೊನಾಕ್ಸೈಡನ್ನೂ ಉರಿಯದೆ ಉಳಿದ ಪೆಟ್ರೋಲಿನ ಅಂಶವನ್ನೂ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಯೂ, ನೈಟ್ರೋಜನ್ ಆಕ್ಸೈಡುಗಳನ್ನು ಬರಿಯ ಸಾರಜನಕವಾಗಿಯೂ ಮಾರ್ಪಡಿಸುತ್ತವೆ. ಈ ಮೂರೂ ಕೆಲಸ ಒಟ್ಟಿಗೆ ನಡೆಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬ ಲೆಕ್ಕದ ಆಸುಪಾಸಿನಲ್ಲೇ ಎಂಜಿನ್ ಓಡಬೇಕು. ಮೆಕ್ಯಾನಿಕ್ ಭಾಷೆಯಲ್ಲಿ ಹೇಳುವುದಾದರೆ ಮಿಕ್ಸ್ಚರ್ ರಿಚ್ಚೂ (ಪೆಟ್ರೋಲ್ ಹೆಚ್ಚು) ಆಗಬಾರದು, ಲೀನೂ (ಗಾಳಿ ಹೆಚ್ಚು) ಆಗಬಾರದು.

ಸೀರಿಯಂ ಆಕ್ಸೈಡಿನ ಪಾತ್ರವನ್ನು ಸರಿಯಾಗಿ ಗ್ರಹಿಸಿದರೆ ಮುಂದಿನ ಎಲ್ಲ ಪರೀಕ್ಷೆಗಳೂ ಅರ್ಥವಾಗುತ್ತವೆ. ತೋಟದ ತಲೆಯಲ್ಲಿರುವ ಕೆರೆ ಮಳೆ ಹೆಚ್ಚಾದಾಗ ತುಂಬಿಕೊಂಡು, ಕಡಿಮೆಯಾದಾಗ ಬಿಟ್ಟುಕೊಡುವಂತೆ, ಇದು ಹೊಗೆಯಲ್ಲಿ ಆಮ್ಲಜನಕ ಹೆಚ್ಚಿದ್ದಾಗ ಹಿಡಿದಿಟ್ಟುಕೊಂಡು ಕಡಿಮೆಯಿದ್ದಾಗ ಬಿಡುತ್ತದೆ. ಕನ್ವರ್ಟರಿಗಿಂತ ಮುಂದಿರುವ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಒಂದೇ ಸಮನೆ ಏರಿಳಿಯುತ್ತಿದ್ದರೂ, ಹಿಂದಿನ ಸೆನ್ಸರ್ 0.6 ಅಥವಾ 0.7 ವೋಲ್ಟಿನಲ್ಲಿ ಬಹುಮಟ್ಟಿಗೆ ನಿಂತೇ ಇರುವುದು ಈ ಕೆರೆಯ ದೆಸೆಯಿಂದ. ಕೆರೆ ಹೂಳು ತುಂಬಿದರೆ ಮುಂದಿನ ಏರಿಳಿತ ಹಾಗೆಯೇ ಹಿಂದಕ್ಕೆ ಹರಿಯುತ್ತದೆ. ಅದನ್ನು ನೋಡಿ ಕಾರಿನ ಕಂಪ್ಯೂಟರ್ ಪಿ 0420 ಬರೆಯುತ್ತದೆ. ಅಂದರೆ ಆ ಕೋಡಿನ ಹಿಂದಿರುವುದು ಹೊಗೆಯ ನೇರ ಅಳತೆಯಲ್ಲ, ಹಿಂದಿನ ಸೆನ್ಸರಿನ ವರ್ತನೆಯಿಂದ ಮಾಡಿದ ಒಂದು ಊಹೆ. ಹಾಗಾಗಿಯೇ ಸೆನ್ಸರ್, ವೈರು, ಸೋರಿಕೆ ಇವುಗಳ ದೋಷವೂ ಇದೇ ಕೋಡಿನ ವೇಷದಲ್ಲಿ ಬರಬಲ್ಲದು.

ಲಕ್ಷಣಗಳನ್ನು ಬೇರ್ಪಡಿಸಿಕೊಳ್ಳುವುದು

ಕಟ್ಟಿಕೊಂಡ ಕನ್ವರ್ಟರ್ ಬೇರೆ, ಶಕ್ತಿ ಕಳೆದುಕೊಂಡ ಕನ್ವರ್ಟರ್ ಬೇರೆ, ಒಳಗೆ ಒಡೆದದ್ದು ಬೇರೆ. ಶಕ್ತಿ ಕಳೆದುಕೊಂಡದ್ದರಲ್ಲಿ ಓಡಿಸುವವರಿಗೆ ಏನೂ ಗೊತ್ತಾಗುವುದಿಲ್ಲ. ದೀಪ ಮಾತ್ರ ಹತ್ತಿರುತ್ತದೆ, ಎಮಿಷನ್ ಟೆಸ್ಟಿನಲ್ಲಿ ಅಂಕಿ ಏರಿರಬಹುದು. ಕಟ್ಟಿಕೊಂಡದ್ದರಲ್ಲಿ ಹಾಗಲ್ಲ. ಪೇಟೆಯ ರಸ್ತೆಯಲ್ಲಿ ಸುಮಾರಾಗಿ ಓಡುವ ಕಾರು ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಹದಿನಾಲ್ಕು ತಿರುವುಗಳಲ್ಲಿ ಎರಡನೆಯ ಗೇರಿನಲ್ಲೂ ಎಳೆಯದೆ, ಆಕ್ಸಿಲರೇಟರ್ ತುಳಿದಷ್ಟೂ ಉಸಿರು ಕಟ್ಟಿದಂತೆ ಮಾಡಿ, ಬಿಸಿಯ ಮುಳ್ಳು ಮೇಲೇರುತ್ತದೆ. ಒಳಗೆ ಒಡೆದದ್ದನ್ನು ಕಿವಿಯೇ ಹೇಳುತ್ತದೆ: ತಣ್ಣಗಿರುವಾಗ ಕವಚವನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಸದ್ದು ಬರುತ್ತದೆ. ಆದರೆ ಹೊರಗಿನ ಬಿಸಿತಡೆ ತಗಡು ತುಕ್ಕು ಹಿಡಿದು ಸಡಿಲವಾದಾಗಲೂ ಹತ್ತಿರ ಹತ್ತಿರ ಅದೇ ಸದ್ದು ಬರುವುದರಿಂದ ಮೊದಲು ತಗಡನ್ನು ಕೈಯಿಂದ ಒತ್ತಿಹಿಡಿದು ತಟ್ಟಬೇಕು. ನಮ್ಮ ಮಳೆಯಲ್ಲಿ ಆ ತಗಡಿನ ಬೋಲ್ಟುಗಳು ಬಹಳ ಬೇಗ ಹೋಗುತ್ತವೆ, ಒಂದು ಕ್ಲಾಂಪ್ ಹಾಕಿದರೆ ಮುಗಿಯುವ ಕೆಲಸಕ್ಕೆ ಕನ್ವರ್ಟರನ್ನೇ ಬದಲಿಸಿದವರಿದ್ದಾರೆ.

ಕಟ್ಟಿಕೊಂಡಿದೆಯೇ ಎಂಬುದನ್ನು ನೋಡಲು ವ್ಯಾಕ್ಯೂಮ್ ಗೇಜ್ ಸಾಕು. ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಪೈಪಿಗೆ, ಗೇಜ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಓದಬೇಕು. ನಂತರ 2,500 ಆರ್‌ಪಿಎಮ್‌ಗೆ ಏರಿಸಿ ಅಲ್ಲೇ ಹಿಡಿಯಬೇಕು. ಸರಿಯಿರುವ ಎಂಜಿನ್ನಿನಲ್ಲಿ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಹೊಗೆಯ ದಾರಿ ಕಟ್ಟಿದ್ದರೆ ಹಿಡಿದಂತೆಯೇ ನಿಧಾನವಾಗಿ ಕೆಳಗಿಳಿಯುತ್ತಾ ಹೋಗುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಪುಸ್ತಕಗಳಲ್ಲಿ ಐಡ್ಲಿಂಗಿಗೆ 17ರಿಂದ 21 ಇಂಚು ಪಾದರಸ ಎಂದು ಕೊಟ್ಟಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಎರಡು ಇಂಚಿನಷ್ಟು ಕಡಿಮೆ ಓದುವುದು ಸಹಜ. ಅದನ್ನು ನೋಡಿ ಎಂಜಿನ್ ಸೋತಿದೆ ಎಂದುಕೊಳ್ಳಬಾರದು.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಕೂರಿಸಬಹುದು. ಐಡ್ಲಿಂಗಿನಲ್ಲಿ ಒಂದೂವರೆ ಪಿಎಸ್‌ಐ, 2,500 ಆರ್‌ಪಿಎಮ್‌ನಲ್ಲಿ ಮೂರು ಪಿಎಸ್‌ಐ ಮೀರಿದರೆ ಎಲ್ಲೋ ಅಡಚಣೆಯಿದೆ ಎಂದು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ಅಡಚಣೆ ಹಿಂದಿನ ಸೈಲೆನ್ಸರಿನಲ್ಲೂ ಇರಬಹುದು ಎಂಬುದು ನೆನಪಿರಲಿ. ಕನ್ವರ್ಟರಿನ ಮುಂದೆ ಹಿಂದೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು, ಹಿಂದೆ ಬಿಸಿ ಹೆಚ್ಚಿದ್ದರೆ ಸರಿ, ಇಲ್ಲದಿದ್ದರೆ ಕೆಟ್ಟಿದೆ ಎಂದು ಹೇಳುವ ಹಳೆಯ ಪದ್ಧತಿಯನ್ನು ಮಾತ್ರ ನಾನು ನಂಬುವುದಿಲ್ಲ. ಈಗಿನ ಎಂಜಿನ್ನುಗಳ ಹೊಗೆಯಲ್ಲಿ ಉರಿಯಲು ಉಳಿದಿರುವುದೇ ಅಷ್ಟು ಕಡಿಮೆಯಾದ್ದರಿಂದ ಒಳ್ಳೆಯ ಕನ್ವರ್ಟರಿನಲ್ಲೂ ಆ ವ್ಯತ್ಯಾಸ ಕಾಣದೆ ಹೋಗಬಹುದು. ಹಿಂದಿನ ತುದಿ ವಿಪರೀತ ಬಿಸಿಯಿದ್ದರೆ ಮಾತ್ರ ಅದು ಉಪಯುಕ್ತ ಸುಳಿವು: ಉರಿಯದ ಪೆಟ್ರೋಲ್ ಒಳಗೆ ಬಂದು ಉರಿಯುತ್ತಿದೆ ಎಂದು ಅರ್ಥ.

ಕೋಡ್ ಮಾತ್ರ ಇದ್ದು ಎಳೆತ ಚೆನ್ನಾಗಿದ್ದರೆ ಸ್ಕ್ಯಾನರಿನಲ್ಲಿ ಎರಡೂ ಸೆನ್ಸರುಗಳ ಗ್ರಾಫನ್ನು ಒಂದೇ ಪರದೆಯ ಮೇಲೆ ತೆಗೆಸಿ ಕಣ್ಣಾರೆ ನೋಡಬೇಕು. ಬರಿಯ ಕೋಡ್ ಓದಿ ಹೇಳುವುದು ನಾಡಿ ಹಿಡಿಯದೆ ಔಷಧ ಕೊಟ್ಟ ಹಾಗೆ. ಹಿಂದಿನ ಗೆರೆ ಮುಂದಿನದನ್ನು ಅನುಕರಿಸುತ್ತಿದ್ದರೆ ಕನ್ವರ್ಟರಿನ ಮೇಲಿನ ಸಂಶಯಕ್ಕೆ ಆಧಾರವಿದೆ. ಹಿಂದಿನ ಗೆರೆ ಸೊನ್ನೆಯ ಹತ್ತಿರ ಮಲಗಿದ್ದರೆ ಸೆನ್ಸರ್, ವೈರು ಅಥವಾ ಪೈಪಿನ ಸೋರಿಕೆಯನ್ನು ನೋಡಬೇಕು. ಹೊಸ ಮಾದರಿಯ ಅನೇಕ ಕಾರುಗಳಲ್ಲಿ ಮುಂದಿನ ಸೆನ್ಸರ್ ಬೇರೆ ಜಾತಿಯದಾಗಿರುವುದರಿಂದ ಅದರ ಓದು 0.1ರಿಂದ 0.9ರ ಲೆಕ್ಕಕ್ಕೆ ಹೊಂದುವುದಿಲ್ಲ. ಅಲ್ಲಿ ಹಿಂದಿನ ಸೆನ್ಸರಿನ ನಿಲುವನ್ನೇ ಮುಖ್ಯವಾಗಿ ನೋಡಬೇಕಾಗುತ್ತದೆ. ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಕಾರು ನಿಲ್ಲಿಸುವವರು ಸೆನ್ಸರ್ ವೈರನ್ನು ಮೊದಲಿನಿಂದ ಕೊನೆಯವರೆಗೆ ಕೈಯಾಡಿಸಿ ನೋಡಲೇಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುವ ಇಲಿ, ಹೆಗ್ಗಣಗಳ ಹಲ್ಲಿನ ಗುರುತು ಅಲ್ಲಿ ಸಿಗುವುದು ಅಪರೂಪವೇನಲ್ಲ.

ಸೋರಿಕೆ ನೋಡುವುದು ಸುಲಭ. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಸಹಾಯಕರೊಬ್ಬರು ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಒಂದೆರಡು ಕ್ಷಣ ಒತ್ತಿಹಿಡಿದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಫ್ಲಾಂಜ್ ಅಥವಾ ಬಳುಕುವ ಜಾಲರಿ ಪೈಪಿನಿಂದ ಬುಸುಗುಟ್ಟುವ ಸದ್ದು ಕೇಳುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿಯ ಗೆರೆಯೂ ಇರುತ್ತದೆ. ಸೆನ್ಸರಿಗಿಂತ ಮುಂದೆ ಸಣ್ಣ ಸೋರಿಕೆಯಿದ್ದರೂ ಹೊರಗಾಳಿ ಒಳಗೆ ಎಳೆಯಲ್ಪಟ್ಟು, ಮಿಕ್ಸ್ಚರ್ ಲೀನಾಗಿದೆ ಎಂದು ಕಂಪ್ಯೂಟರ್ ಮೋಸಹೋಗಿ ಪೆಟ್ರೋಲನ್ನು ಹೆಚ್ಚಿಸುತ್ತದೆ, ಆ ಹೆಚ್ಚುವರಿ ಪೆಟ್ರೋಲ್ ಕನ್ವರ್ಟರನ್ನು ಸುಡುತ್ತದೆ. ಈ ಪರೀಕ್ಷೆಯನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಕೆಡಿಸಿದ ಕಾರಣವನ್ನು ಹುಡುಕುವುದು

ಕನ್ವರ್ಟರ್ ನಿಜವಾಗಿಯೂ ಕೆಟ್ಟಿದೆ ಎಂದು ಖಚಿತವಾದ ಮೇಲೂ ಅಂಗಡಿಗೆ ಹೋಗುವ ಹೊತ್ತು ಇನ್ನೂ ಬಂದಿಲ್ಲ. ಮಲೆನಾಡಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಮಿಸ್ಸಿಂಗನ್ನು. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ ಅಲ್ಲಿಯ ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೆಯೇ ಹೊರಬಿದ್ದು ಕನ್ವರ್ಟರಿನೊಳಗೆ ಉರಿಯುತ್ತವೆ. ಸಾಮಾನ್ಯವಾಗಿ 400ರಿಂದ 800 ಡಿಗ್ರಿಯಲ್ಲಿ ಕೆಲಸ ಮಾಡುವ ದಿಂಡು 1,000 ಡಿಗ್ರಿ ದಾಟಿದಾಗ ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗಿ, ಕೆಲಸ ಮಾಡುವ ಮೈ ಕುಗ್ಗಿಹೋಗುತ್ತದೆ. ಇನ್ನೂ ಏರಿದರೆ ಸೆರಾಮಿಕ್ಕೇ ಕರಗಿ ಕಂಡಿಗಳು ಮುಚ್ಚುತ್ತವೆ. ಪಿ 0300ರಿಂದ ಪಿ 0304ರವರೆಗಿನ ಕೋಡುಗಳು ಮೆಮೊರಿಯಲ್ಲಿವೆಯೇ ಎಂದು ನೋಡಬೇಕು. ಆದರೆ ಅವು ಇಲ್ಲದಿದ್ದ ಮಾತ್ರಕ್ಕೆ ನೆಮ್ಮದಿ ಪಡುವಂತಿಲ್ಲ. ನಮ್ಮ ಕಾರು ಮಿಸ್ಸಿಂಗ್ ಹೊಡೆಯುತ್ತಿದ್ದದ್ದು ಮಳೆಯಲ್ಲಿ, ಏರಿನಲ್ಲಿ, ಭಾರ ಬಿದ್ದಾಗ ಮಾತ್ರ. ಬಿಸಿಲಿಗೆ ಒಣಗಿ ಪೇಟೆಯ ಗ್ಯಾರೇಜಿಗೆ ಬರುವಷ್ಟರಲ್ಲಿ ಎಲ್ಲವೂ ಸರಿಯಿರುತ್ತಿತ್ತು. ಆದ್ದರಿಂದ ಕಾಯಿಲ್‌ಗಳನ್ನು ಎತ್ತಿ ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡುವುದು, ವೈಪರ್ ಕೆಳಗಿನ ತಟ್ಟೆಯ ದರಗು ತೆಗೆಯುವುದು ಇವೆರಡನ್ನೂ ಬಿಡಬಾರದು.

ಮಿಸ್ಸಿಂಗ್ ಪತ್ತೆಗೆ ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡುವ ಕಾರ್ಬುರೇಟರ್ ಕಾಲದ ಅಭ್ಯಾಸ ಈ ಕಾರುಗಳಿಗೆ ಸಲ್ಲದು. ಕಿತ್ತಷ್ಟು ಹೊತ್ತೂ ಹಸಿ ಪೆಟ್ರೋಲ್ ಕನ್ವರ್ಟರಿಗೆ ಸುರಿಯುತ್ತಿರುತ್ತದೆ. ಬ್ಯಾಟರಿ ಇಳಿದ ಕಾರನ್ನು ಇಳಿಜಾರಿನಲ್ಲಿ ಮತ್ತೆ ಮತ್ತೆ ತಳ್ಳಿ ಸ್ಟಾರ್ಟ್ ಮಾಡುವುದೂ ಇದೇ ಹಾನಿ ಮಾಡುತ್ತದೆ. ನಮ್ಮಲ್ಲಿ ಇಳಿಜಾರಿಗೆ ಬರವಿಲ್ಲದ ಕಾರಣ ಈ ರೂಢಿ ಬಹಳ ಇದೆ.

ಎರಡನೆಯದು ಎಣ್ಣೆ. ಎಂಜಿನ್ ಆಯಿಲ್ಲಿನಲ್ಲಿರುವ ರಂಜಕ ಮತ್ತು ಸತು ಸುಟ್ಟು ಬೂದಿಯಾಗಿ ಲೇಪನದ ಮೇಲೆ ಕೂತು ಲೋಹವನ್ನು ಮುಚ್ಚಿಬಿಡುತ್ತವೆ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಘಾಟಿಯಷ್ಟು ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ಆಗುಂಬೆಯಿಂದ ಕೆಳಗಿಳಿಯುವಾಗ ಆಕ್ಸಿಲರೇಟರ್ ಬಿಟ್ಟು, ಗೇರಿನ ಹಿಡಿತದಲ್ಲೇ ಇಳಿಯಬೇಕು. ಆಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಬಹಳ ಹೆಚ್ಚಿ, ವಾಲ್ವ್ ಸೀಲುಗಳು ಸವೆದಿದ್ದರೆ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಸೋಮೇಶ್ವರ ತಲುಪಿ ಮೊದಲ ಸಲ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಬರುತ್ತಿರುವವರು ನೀಲಿ ಹೊಗೆಯ ಒಂದು ಮುದ್ದೆ ಕಂಡರೆ ಸೀಲುಗಳದ್ದೇ ದೋಷ. ಇಳಿಯುವಾಗ ಏನೂ ಇಲ್ಲದೆ ಏರಿನಲ್ಲಿ ಒಂದೇ ಸಮನೆ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗುಗಳನ್ನು ಸಂಶಯಿಸಬೇಕು. ರಿಂಗ್ ಸವೆದ ಎಂಜಿನ್ನಿಗೆ ಹೊಸ ಕನ್ವರ್ಟರ್ ಹಾಕಿಸುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ. ಮೊದಲು ಎಂಜಿನ್ ಕೆಲಸ ಆಗಬೇಕು.

ಕೂಲಂಟ್ ಯಾವ ಸೋರಿಕೆಯೂ ಕಾಣದೆ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ ದಾಟಿ ಸಿಲಿಂಡರಿಗೆ ಸೋರುತ್ತಿದೆಯೇ ಎಂದು ನೋಡಿಸಬೇಕು. ಸೆನ್ಸರಿಗೆ ಸುರಕ್ಷಿತವಲ್ಲದ ಸಿಲಿಕೋನ್ ಅಂಟನ್ನು ಎಂಜಿನ್ ಕೆಲಸದಲ್ಲಿ ಬಳಸಿದ್ದರೆ ಅದರ ಆವಿಯೂ ಸೆನ್ಸರ್ ಮತ್ತು ಕನ್ವರ್ಟರ್ ಎರಡಕ್ಕೂ ವಿಷವೇ. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ಅಂಕಿಗಳು (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ಎರಡೂ ಬದಿಗೆ ಶೇ 10ರೊಳಗೆ ಇದ್ದರೆ ಮಿಕ್ಸ್ಚರ್ ಸುಮಾರು ಸರಿಯಿದೆ ಎಂದು ಮುಂದುವರಿಯಬಹುದು. ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಮಿಕ್ಸ್ಚರ್ ರಿಚ್ಚಾಗಿ ಓಡುತ್ತಿರುವ ಸಂಭವ ಹೆಚ್ಚು. ಪೆಟ್ರೋಲಿನ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬರುವುದೇ ಆ ವಾಸನೆ. ಬಿಎಸ್ 6 (ಭಾರತ್ ಸ್ಟೇಜ್ ಎಂಬ ಸರಕಾರಿ ಹೊಗೆ ಮಾನದಂಡದ ಆರನೆಯ ಮಟ್ಟ) ಪೆಟ್ರೋಲಿನಲ್ಲಿ ಗಂಧಕದ ಮಿತಿ 10 ಪಿಪಿಎಮ್‌ಗೆ, ಅಂದರೆ ಬಿಎಸ್ 4ರ 50ರಿಂದ ಐದನೇ ಒಂದಕ್ಕೆ ಇಳಿದ ಮೇಲೆ ಈ ವಾಸನೆಯನ್ನು ಇಂಧನದ ತಲೆಗೆ ಕಟ್ಟುವುದು ಅಷ್ಟು ಸರಿಯಲ್ಲ.

ಕೊನೆಯದಾಗಿ ಕಾರಿನ ಅಡಿಯನ್ನು ನೋಡಬೇಕು. ತೋಟದ ದಾರಿಯ ಕಲ್ಲು ತಾಗಿ ಕವಚ ನೆಗ್ಗಿದ್ದರೆ, ಸಂಕದ ಮೇಲೆ ಹರಿಯುವ ನೀರಿಗೆ ಕಾದ ಕನ್ವರ್ಟರ್ ಮುಳುಗಿದ್ದರೆ, ಒಳಗಿನ ದಿಂಡು ಬಿರುಕು ಬಿಟ್ಟಿರಬಹುದು. ಇದೊಂದು ಕಾರಣಕ್ಕೆ ಮಾತ್ರ ಎಂಜಿನ್ನಿನಲ್ಲಿ ಮದ್ದಿಲ್ಲ.

ಹೊರಗಿನ ಕನ್ವರ್ಟರನ್ನು ಆರಿಸುವುದು

ಕಂಪನಿಯದಲ್ಲದ ಕನ್ವರ್ಟರ್ ಎಂದರೆ ಕಳಪೆ ಎಂದೇ ಅರ್ಥವಲ್ಲ. ಆದರೆ ಹೊರಗಿನಿಂದ ಒಂದೇ ಥರ ಕಾಣುವ ಎರಡು ಡಬ್ಬಿಗಳ ಒಳಗಿನ ವ್ಯತ್ಯಾಸ ಬಹಳ ದೊಡ್ಡದಿರಬಹುದು. ಬೆಲೆಯ ಬಹುಪಾಲು ಇರುವುದು ಕಣ್ಣಿಗೆ ಕಾಣದ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳಲ್ಲಿ. ಅಗ್ಗದ ತಯಾರಿಕೆಯಲ್ಲಿ ಮೊದಲು ಕಡಿತವಾಗುವುದೂ ಅಲ್ಲಿಯೇ. ಇದನ್ನು ಅಳತೆಯಲ್ಲಿ ಹೇಳಬೇಕಾದರೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1986ರಲ್ಲಿ ಮಾಡಿದ ನಿಯಮವನ್ನು ನೋಡಬಹುದು. ಅದರಂತೆ ಹೊಸ ಆಫ್ಟರ್‌ಮಾರ್ಕೆಟ್ (ಕಂಪನಿಯದಲ್ಲದ) ಕನ್ವರ್ಟರ್ 25,000 ಮೈಲಿ, ಅಂದರೆ ಸುಮಾರು 40,000 ಕಿಲೋಮೀಟರ್ ಓಡಿದ ಮೇಲೆ ಉರಿಯದ ಪೆಟ್ರೋಲಿನ ಅಂಶವನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಶೇ 70ರಷ್ಟು, ನೈಟ್ರೋಜನ್ ಆಕ್ಸೈಡುಗಳನ್ನು ಶೇ 30ರಷ್ಟು ತಗ್ಗಿಸಿದರೆ ಸಾಕು. ಕಾರಿನ ಜೊತೆ ಬರುವ ಮೂಲ ಕನ್ವರ್ಟರ್ ಬಿಸಿಯಾದ ಮೇಲೆ ಶೇ 90ನ್ನು ಮೀರಿ ಕೆಲಸ ಮಾಡುವಂಥದ್ದು. ಯುರೋಪಿನಲ್ಲಿ ಬದಲಿ ಕನ್ವರ್ಟರುಗಳಿಗೆ ಆರ್ 103 ಎಂಬ ನಿಯಮವಿದ್ದು, ಅದರಲ್ಲಿ ಒಪ್ಪಿಗೆ ಪಡೆದವುಗಳ ಕವಚದ ಮೇಲೆ ವೃತ್ತದೊಳಗೆ ಇ ಅಕ್ಷರವೂ ಒಂದು ಅಂಕಿಯೂ ಕೊರೆದಿರುತ್ತದೆ. ಇಲ್ಲಿ ಕೊಳ್ಳುವ ಡಬ್ಬಿಯ ಮೇಲೆ ತಯಾರಕರ ಹೆಸರು, ಭಾಗದ ಸಂಖ್ಯೆ, ಹೊಗೆ ಹರಿಯುವ ದಿಕ್ಕಿನ ಬಾಣ ಇವಿಷ್ಟಾದರೂ ಅಳಿಸದಂತೆ ಕೊರೆದಿರಬೇಕು. ಬರಿಯ ಕಾಗದದ ಸ್ಟಿಕ್ಕರ್ ಅಂಟಿಸಿದ್ದನ್ನು ನಾನು ಮುಟ್ಟುವುದಿಲ್ಲ.

ಮೊದಲ ಪ್ರಶ್ನೆ ಕಾರು ಯಾವ ಬಿಎಸ್ ಮಟ್ಟದ್ದು ಎಂಬುದು. ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲೂ ಹೊಸ ಕಾರುಗಳಿಗೆ ಕನ್ವರ್ಟರೂ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಂದ ಆರಂಭವಾದವು. 2017ರ ಏಪ್ರಿಲ್‌ನಿಂದ ಇಡೀ ದೇಶಕ್ಕೆ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಆರ್‌ಸಿಯಲ್ಲಿ ಇರುವ ಮಟ್ಟಕ್ಕೆ ಹೊಂದುವುದನ್ನೇ ಕೇಳಬೇಕು. ಬಿಎಸ್ 3ಕ್ಕೆ ಮಾಡಿದ್ದು ಬಿಎಸ್ 6 ಕಾರಿನ ಪೈಪಿಗೆ ಬೋಲ್ಟು ಬೋಲ್ಟಿಗೂ ಕೂರಬಹುದು. ಆದರೆ ಅದರ ಆಮ್ಲಜನಕದ ಕೆರೆ ಚಿಕ್ಕದು. ಹೊಸ ಕಾರಿನ ಕಂಪ್ಯೂಟರ್ ಅದನ್ನು ಒಪ್ಪುವುದಿಲ್ಲ.

ಈ ಮಾತನ್ನು ಇನ್ನಷ್ಟು ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಭರವಸೆ, ಎಮಿಷನ್ ಟೆಸ್ಟ್ ಪಾಸಾಗುತ್ತದೆ ಎಂಬುದು. ಬಿಎಸ್ 4 ಪೆಟ್ರೋಲ್ ಕಾರಿಗೆ ಆ ತಪಾಸಣೆಯಲ್ಲಿ ಐಡ್ಲಿಂಗಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಮ್ ಮಿತಿ. ನಿಂತ ಕಾರಿನ ಬಿಸಿ ಎಂಜಿನ್ನಿನಲ್ಲಿ ಇದನ್ನು ಮುಟ್ಟುವುದು ಸಾಧಾರಣ ಕನ್ವರ್ಟರಿಗೂ ಕಷ್ಟವಲ್ಲ. ಕಾರಿನ ಕಂಪ್ಯೂಟರ್ ನೋಡುವುದು ಇದನ್ನಲ್ಲ, ಓಡುವ ಕಾರಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಶಕ್ತಿಯನ್ನು. ಹೀಗಾಗಿ ಎಮಿಷನ್ ಟೆಸ್ಟಿನ ಚೀಟಿ ಕೈಯಲ್ಲಿದ್ದೂ ಮೂರು ತಿಂಗಳಿಗೆ ಪಿ 0420 ಮರಳುವುದರಲ್ಲಿ ಆಶ್ಚರ್ಯವಿಲ್ಲ. ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: ಇದೇ ಮಾದರಿಯ, ಇದೇ ವರ್ಷದ, ಇದೇ ಎಂಜಿನ್ನಿನ ಕಾರಿಗೆ ಇದನ್ನು ಹಾಕಿದ್ದೀರಾ, ಹಾಕಿದ ಮೇಲೆ ಎಷ್ಟು ದಿನ ದೀಪ ಬಂದಿಲ್ಲ, ಬಂದರೆ ಬದಲಿಸಿ ಕೊಡುತ್ತೀರೆಂದು ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ. ಮೂರನೆಯದಕ್ಕೆ ಒಪ್ಪುವವರು ಸಿಕ್ಕರೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟಾದರೂ ಅಲ್ಲಿಯೇ ಕೊಳ್ಳುವುದು ಒಳ್ಳೆಯದು.

ಕೈಗೆ ಬಂದ ಡಬ್ಬಿಯನ್ನು ಪರೀಕ್ಷಿಸುವಾಗ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಬೇಕು. ಕಂಡಿಗಳು ಒಂದೇ ಸಮನಾಗಿ, ಒಡೆಯದೆ, ಬೆಳಕನ್ನು ಬಿಡುವಂತಿರಬೇಕು. ಒಳಗೆ ದಿಂಡೇ ಇಲ್ಲದ, ಅಥವಾ ಎರಡು ಬೆರಳಿನಷ್ಟು ಮಾತ್ರ ದಿಂಡಿರುವ ಡಬ್ಬಿಗಳೂ ಇರುತ್ತವೆ. ಹಳೆಯದರ ಪಕ್ಕದಲ್ಲಿಟ್ಟು ಕಡ್ಡಿಯೊಂದನ್ನು ಇಳಿಸಿ ದಿಂಡಿನ ಉದ್ದವನ್ನೂ ಅಡ್ಡಳತೆಯನ್ನೂ ಹೋಲಿಸಿದರೆ ಅದು ತಿಳಿಯುತ್ತದೆ. ಲೋಹದ ತೆಳು ಹಾಳೆಯ ದಿಂಡಿರುವ, ಚದರ ಇಂಚಿಗೆ 200 ಕಂಡಿಗಳ ಸ್ಪೋರ್ಟ್ಸ್ ಕನ್ವರ್ಟರುಗಳು ಹೊಗೆಯನ್ನು ಸಲೀಸಾಗಿ ಬಿಡುವುದೇನೋ ನಿಜ, ಆದರೆ ದಿನಬಳಕೆಯ ಕಾರಿನಲ್ಲಿ ದೀಪ ಹತ್ತಿಸುವುದರಲ್ಲಿ ಅವು ಮುಂದು. ಸೆನ್ಸರ್ ಕೂರುವ ತೂತುಗಳ ಸಂಖ್ಯೆ, ಜಾಗ, ಕೋನ ಹಳೆಯದರಂತೆಯೇ ಇರಬೇಕು. ಹಿಂದಿನ ಸೆನ್ಸರ್ ನಾಲ್ಕು ಬೆರಳು ಆಚೀಚೆಯಾದರೂ ಅದರ ಓದು ಬದಲಾಗುತ್ತದೆ, ವೈರೂ ಎಟಕುವುದಿಲ್ಲ.

ಈಗಿನ ಹಲವು ಕಾರುಗಳಲ್ಲಿ ಕನ್ವರ್ಟರ್ ಎಗ್ಸಾಸ್ಟ್ ಮ್ಯಾನಿಫೋಲ್ಡಿಗೇ ಅಂಟಿಕೊಂಡು ಎಂಜಿನ್ನಿನ ಪಕ್ಕದಲ್ಲೇ ಇರುತ್ತದೆ. ಬೇಗ ಬಿಸಿಯಾಗಿ ಬೇಗ ಕೆಲಸ ಆರಂಭಿಸಲಿ ಎಂಬುದು ಅದರ ಉದ್ದೇಶ. ಇಂಥ ಕಾರಿಗೆ ಅದೇ ಆಕಾರದಲ್ಲಿ ತಯಾರಾದ, ನೇರವಾಗಿ ಬೋಲ್ಟಿನಲ್ಲಿ ಕೂರುವ ಭಾಗವನ್ನೇ ಹುಡುಕಬೇಕು. ಮೇಲಿನದನ್ನು ತೆಗೆದು ಖಾಲಿ ಪೈಪ್ ಹಾಕಿ, ಕಾರಿನ ಅಡಿಯಲ್ಲಿ ಎಲ್ಲೋ ಒಂದು ಸಾರ್ವತ್ರಿಕ ಕನ್ವರ್ಟರನ್ನು ಬೆಸೆದರೆ, ಮನೆಯಿಂದ ತೀರ್ಥಹಳ್ಳಿ ಸಂತೆಗೆ ಹೋಗಿ ಬರುವಂಥ ಐದಾರು ಕಿಲೋಮೀಟರಿನ ಓಡಾಟದಲ್ಲಿ ಅದು ಕೆಲಸ ಮಾಡುವಷ್ಟು ಬಿಸಿಯಾಗುವುದೇ ಅನುಮಾನ. ಅಡಿಯಲ್ಲೇ ಕನ್ವರ್ಟರ್ ಇರುವ ಹಳೆಯ ಕಾರುಗಳಿಗೆ ಮಾತ್ರ, ಎಂಜಿನ್ನಿನ ಸಿಸಿಗೂ ಪೈಪಿನ ಅಡ್ಡಳತೆಗೂ ಹೊಂದುವ ಸಾರ್ವತ್ರಿಕ ಭಾಗವನ್ನು ಬೆಸೆಯುವುದು ಒಪ್ಪತಕ್ಕ ದಾರಿ. ಕವಚ ಸ್ಟೇನ್‌ಲೆಸ್ ಸ್ಟೀಲಿನದಿರಬೇಕು, ಬಿಸಿತಡೆ ತಗಡು ಜೊತೆಯಲ್ಲೇ ಬರಬೇಕು. ತಗಡಿಲ್ಲದ ಕನ್ವರ್ಟರಿನೊಡನೆ ಬೇಸಿಗೆಯಲ್ಲಿ ಒಣ ಹುಲ್ಲಿನ ಮೇಲೆ, ಅಡಿಕೆ ತೋಟದ ದರಗಿನ ಮೇಲೆ ಕಾರು ನಿಲ್ಲಿಸುವುದು ಬೆಂಕಿಯ ಅಪಾಯವನ್ನು ಕರೆದಂತೆ.

ಕನ್ವರ್ಟರನ್ನೇ ತೆಗೆದು ಹಾಕಿ, ಹಿಂದಿನ ಸೆನ್ಸರಿಗೆ ಉದ್ದನೆಯ ಸ್ಪೇಸರ್ ಕೊಟ್ಟು ಅಥವಾ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ ದೀಪ ಬಾರದಂತೆ ಮಾಡಿಕೊಡುವ ಪ್ರಸ್ತಾಪವೂ ಬರುತ್ತದೆ. ಅದನ್ನು ಒಪ್ಪಬಾರದು. ದೀಪ ಹೇಳುತ್ತಿದ್ದ ಸತ್ಯವನ್ನು ಅದುಮಿದಂತಾಗುತ್ತದೆಯೇ ಹೊರತು ನಮ್ಮ ಮಕ್ಕಳು ಉಸಿರಾಡುವ ಗಾಳಿಗೆ ಹೋಗುವ ವಿಷ ನಿಲ್ಲುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಡಿ ವಾಯುಮಾಲಿನ್ಯದ ಮಾನದಂಡ ಮೀರಿದ ಮೊದಲ ಅಪರಾಧಕ್ಕೇ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಚಾಲನಾ ಪರವಾನಗಿಯ ಅನರ್ಹತೆಯೂ ಇದೆ.

ಕೂರಿಸುವಾಗ, ಕೂರಿಸಿದ ಮೇಲೆ

ಗ್ಯಾಸ್ಕೆಟ್, ಬೋಲ್ಟು, ನಟ್ಟು ಎಲ್ಲವೂ ಹೊಸದಾಗಿರಬೇಕು. ಬೆಸುಗೆಯ ಕೆಲಸವಿದ್ದರೆ ಬ್ಯಾಟರಿಯ ತಂತಿ ಬಿಚ್ಚಿ, ಸೆನ್ಸರುಗಳನ್ನು ತೆಗೆದಿಟ್ಟು ಮಾಡಿಸಬೇಕು. ಬಾಣದ ಗುರುತು ಸೈಲೆನ್ಸರಿನ ಕಡೆಗೆ ಮುಖ ಮಾಡಿರಬೇಕು. ಸೆನ್ಸರಿನ ತಿರುಪಿನ ಸುತ್ತುಗಳಿಗೆ, ತುಕ್ಕು ಹಿಡಿದು ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್ ಹಚ್ಚುವಾಗ ತುದಿಗೆ ತಾಗದಂತೆ ನೋಡಿಕೊಳ್ಳಬೇಕು. ಮೊದಲ ಸಲ ಚಾಲೂ ಮಾಡಿದಾಗ ರೇಸ್ ಮಾಡದೆ ಬಿಸಿಯಾಗುವವರೆಗೆ ಐಡ್ಲಿಂಗಿನಲ್ಲೇ ಬಿಡುವುದು ಅಗತ್ಯ, ಏಕೆಂದರೆ ದಿಂಡನ್ನು ಹಿಡಿದಿರುವ ಒಳಹಾಸು ಬಿಸಿಗೆ ಉಬ್ಬಿ ಬಿಗಿಯಾಗಬೇಕು. ಆಗ ಸ್ವಲ್ಪ ಹೊಗೆ, ಸುಟ್ಟ ವಾಸನೆ ಬಂದರೆ ಗಾಬರಿಯಾಗಬೇಕಿಲ್ಲ. ಹಳೆಯ ಕನ್ವರ್ಟರನ್ನು ಕೇಳಿ ಪಡೆಯಿರಿ. ಅದರೊಳಗಿನ ಲೋಹಕ್ಕೆ ಗುಜರಿಯಲ್ಲೂ ಬೆಲೆಯಿದೆ, ಅದು ಮಾಲೀಕರ ಸೊತ್ತು. ಅದಕ್ಕಿಂತ ಮುಖ್ಯವಾಗಿ, ಅದರ ಮುಂದಿನ ಮುಖವನ್ನು ನೋಡಿದರೆ ರೋಗ ಯಾವುದಿತ್ತೆಂದು ತಿಳಿಯುತ್ತದೆ: ಕರಗಿ ಗಾಜಿನಂತೆ ಹೊಳೆಯುತ್ತಿದ್ದರೆ ಮಿಸ್ಸಿಂಗ್, ಮಸಿ ಮೆತ್ತಿದ್ದರೆ ರಿಚ್ ಮಿಕ್ಸ್ಚರ್, ಬೂದಿಬಣ್ಣದ ಗಟ್ಟಿ ಪುಡಿ ಕೂತಿದ್ದರೆ ಎಣ್ಣೆ.

ಕೋಡ್ ಅಳಿಸಿದ ತಕ್ಷಣ ದೀಪ ಆರುವುದರಿಂದ ಏನೂ ಸಾಬೀತಾಗುವುದಿಲ್ಲ. ಕಂಪ್ಯೂಟರ್ ಕನ್ವರ್ಟರಿನ ಪರೀಕ್ಷೆಯನ್ನು ಮತ್ತೆ ಮುಗಿಸಬೇಕು, ಅದಕ್ಕೆ ತಣ್ಣಗಿನ ಎಂಜಿನ್ನಿನಿಂದ ಆರಂಭಿಸಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿಸಬೇಕಾಗುತ್ತದೆ. ಘಾಟಿ ರಸ್ತೆಯಲ್ಲಿ ಈ ಪರೀಕ್ಷೆ ಮುಗಿಯುವುದು ಕಷ್ಟ. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ ಕಡೆಯ ರಸ್ತೆ ಇದಕ್ಕೆ ಹೆಚ್ಚು ಅನುಕೂಲ. ಹೋಗಿ ಬಂದ ಮೇಲೆ ಸ್ಕ್ಯಾನರಿನಲ್ಲಿ ಕ್ಯಾಟಲಿಸ್ಟ್ ಮಾನಿಟರ್ ಎಂಬುದರ ಎದುರು ಪರೀಕ್ಷೆ ಪೂರ್ಣವಾಗಿದೆ ಎಂದು ತೋರಿಸಬೇಕು. ಅದೇ ಹೊತ್ತಿಗೆ ಹಿಂದಿನ ಸೆನ್ಸರಿನ ಗ್ರಾಫಿನ ಫೋಟೋ ತೆಗೆದು, ದಿನಾಂಕ ಮತ್ತು ಕಿಲೋಮೀಟರ್ ಬರೆದು ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಸಾವಿರ ಕಿಲೋಮೀಟರ್ ಆದ ಮೇಲೊಮ್ಮೆ, ಒಂದು ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅದೇ ಗ್ರಾಫ್ ತೆಗೆಸಿ ಹೋಲಿಸಿ. ನಿಂತಿದ್ದ ಗೆರೆ ಅಲುಗಾಡಲು ತೊಡಗಿದ್ದರೆ, ದೀಪ ಹತ್ತುವವರೆಗೆ ಕಾಯದೆ, ಬದಲಿಸಿಕೊಡುವ ಅವಧಿ ಮುಗಿಯುವ ಮೊದಲೇ ಎರಡೂ ಫೋಟೋಗಳನ್ನು ಹಿಡಿದು ಅಂಗಡಿಗೆ ಹೋಗಿ. ಹೋಗುವ ಮೊದಲು ಕಾಯಿಲ್‌ಗಳನ್ನು ಎತ್ತಿ ಪ್ಲಗ್ ಗುಂಡಿಗಳನ್ನು ಇನ್ನೊಮ್ಮೆ ನೋಡಿ.